ಮೋಟಾರು ಶಿಲ್ಪಿ ಅಲೆಕ್ ಇಸಿಗೋನಿಸ್

ಸರ್ ಅಲೆಕ್ ಇಸಿಗೋನಿಸ್ ಎಂಬ ಹೆಸರು ನಮ್ಮ ಕಾಲೇಜಿನಲ್ಲಿ ಎಷ್ಟು ಮಂದಿಗೆ ಪರಿಚಿತವೋ ನಾನರಿಯೆ. ಮಹನೀಯರ ಜೀವನವನ್ನು ಬರೆಯುವಾಗ ರಾಜರನ್ನೋ ಕವಿಗಳನ್ನೋ ದೇಶಭಕ್ತರನ್ನೋ ಆರಿಸಿಕೊಳ್ಳುವುದು ವಾಡಿಕೆ. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಅವರನ್ನೆಲ್ಲ ಬಿಟ್ಟು ಮೋಟಾರು ಗಾಡಿಗಳನ್ನು ನಿರ್ಮಿಸಿದವನೊಬ್ಬನನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ತಂದೆಯವರು ಮೂವತ್ತು ವರ್ಷಗಳಿಂದ ಒಂದು ಸಣ್ಣ ಗ್ಯಾರೇಜು ನಡೆಸುತ್ತಿದ್ದಾರೆ. ನಮ್ಮ ಮನೆಯ ಅನ್ನವೂ ನನ್ನ ಓದಿನ ಖರ್ಚೂ ಬಹುಮಟ್ಟಿಗೆ ಅಂಬಾಸಡರ್ ಕಾರಿನ ಅಡಿಯಿಂದ ಬಂದುವು. ಆ ಕಾರಿನ ಮುಂದಿನ ಗಾಲಿಗಳನ್ನು ಹೊತ್ತು ನಿಲ್ಲಿಸುವ ಏರ್ಪಾಡಿನ ಮೂಲವನ್ನು ಹುಡುಕುತ್ತ ಹೋದಾಗ ನನಗೆ ಸಿಕ್ಕಿದವನು ಈ ಇಸಿಗೋನಿಸ್. ಆತನನ್ನು ಲೋಕವು ಮಿನಿ ಎಂಬ ಪುಟ್ಟ ಕಾರಿನ ಜನಕನೆಂದು ಬಲ್ಲುದು. ಗಾಡಿಯು ನೆಲದಿಂದ ಎಷ್ಟು ಎತ್ತರದಲ್ಲಿ, ಯಾವುದರ ಆಧಾರದ ಮೇಲೆ ನಿಲ್ಲಬೇಕೆಂಬ ಒಂದೇ ಚಿಂತೆಯನ್ನು ಜೀವಮಾನವೆಲ್ಲ ಹೊತ್ತು ನಡೆದವನೆಂದು ನಾನು ಬಲ್ಲೆ.

ಆತನು 1906ನೆಯ ನವೆಂಬರ್ 18ರಂದು ಸ್ಮಿರ್ನಾ ಎಂಬ ರೇವುಪಟ್ಟಣದಲ್ಲಿ ಹುಟ್ಟಿದನು. ಆಗ ಅದು ತುರ್ಕಿಯ ಆಟೊಮನ್ ಸುಲ್ತಾನರ ಆಳ್ವಿಕೆಗೆ ಸೇರಿತ್ತು. ಈಗ ಅದನ್ನು ಇಜ್ಮೀರ್ ಎನ್ನುತ್ತಾರೆ. ತಂದೆ ಕಾನ್‌ಸ್ಟಂಟೈನ್ ಗ್ರೀಕ್ ವಂಶದವನು, ಆದರೆ ಬ್ರಿಟಿಷ್ ಪ್ರಜೆ. ಹಡಗುಗಳ ಯಂತ್ರ ಕೆಲಸದ ಕಾರ್ಖಾನೆ ಆತನದು. ತಾಯಿ ಹುಲ್ಡಾ ಜರ್ಮನಿಯ ಬವೇರಿಯಾ ಮೂಲದ ಮನೆತನದವಳು. ಮನೆಯಲ್ಲಿ ಸಂಪತ್ತಿಗೆ ಕೊರತೆಯಿರಲಿಲ್ಲ. 1922ರಲ್ಲಿ ಗ್ರೀಕರಿಗೂ ತುರ್ಕರಿಗೂ ನಡೆದ ಯುದ್ಧದ ಕೊನೆಯಲ್ಲಿ ಸ್ಮಿರ್ನಾ ನಗರಕ್ಕೆ ಬೆಂಕಿ ಬಿದ್ದು ಬಹುಭಾಗ ಸುಟ್ಟುಹೋಯಿತು. ಬ್ರಿಟಿಷ್ ಪ್ರಜೆಗಳಾದುದರಿಂದ ಈ ಕುಟುಂಬವನ್ನು ಹಡಗು ಹತ್ತಿಸಿ ಮಾಲ್ಟಾ ದ್ವೀಪಕ್ಕೆ ಸಾಗಿಸಿದರು. ಕಾರ್ಖಾನೆ, ಮನೆ, ಊರು ಎಲ್ಲವೂ ಹಿಂದುಳಿದುವು. ತಂದೆ ಮಾಲ್ಟಾದಲ್ಲಿಯೇ ತೀರಿಕೊಂಡನು. ಹದಿನಾರರ ಹುಡುಗನೂ ವಿಧವೆ ತಾಯಿಯೂ ಇಂಗ್ಲೆಂಡನ್ನು ಸೇರಿದರು. ಅಂದಿನಿಂದ ತಾಯಿ ಬದುಕಿರುವವರೆಗೂ, ಸರಿಸುಮಾರು ಅರ್ಧ ಶತಮಾನ, ಈ ಇಬ್ಬರೂ ಒಂದೇ ಮನೆಯಲ್ಲಿದ್ದರು. ಆತನು ಮದುವೆಯಾಗಲೇ ಇಲ್ಲ.

ಲಂಡನ್ನಿನ ಬ್ಯಾಟರ್‌ಸೀ ಪಾಲಿಟೆಕ್ನಿಕ್ಕಿನಲ್ಲಿ ಯಂತ್ರಶಾಸ್ತ್ರವನ್ನು ಓದಲು ಸೇರಿದನು. ಚಿತ್ರ ಬರೆಯುವುದರಲ್ಲಿ ನಿಪುಣ. ಗಣಿತದಲ್ಲಿ ಮಾತ್ರ ಒಂದಲ್ಲ ಎರಡಲ್ಲ, ಮೂರು ಬಾರಿ ಅನುತ್ತೀರ್ಣನಾದನು. ಶುದ್ಧ ಗಣಿತವೆಂಬುದು ಹೊಸದನ್ನು ಕಲ್ಪಿಸುವ ಬುದ್ಧಿಗೆ ವೈರಿಯೆಂದು ಆತನು ಮುಂದೆ ಸಾರಿಕೊಂಡು ತಿರುಗಿದನು. ಸೋತವನ ಸಮಾಧಾನವೆಂದು ಇದನ್ನು ತಳ್ಳಿಹಾಕಲೂಬಹುದು. ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಎರಡನೆಯ ಸಲ ಬರೆಯುತ್ತಿರುವ ನನ್ನ ಮಿತ್ರರಿಗೆ ಇದು ಹಿಡಿಸಲೂಬಹುದು. ನನಗಂತೂ ಪೂರ್ತಿ ಒಪ್ಪಿಗೆಯಿಲ್ಲ. ಆತನ ಚಿತ್ರಗಳು ನಿಜವಾದ ಗಾಡಿಗಳಾಗಬೇಕಾದರೆ ಪಕ್ಕದ ಮೇಜಿನಲ್ಲಿ ಲೆಕ್ಕ ಹಾಕಿ ಅಳತೆಯ ನಕ್ಷೆ ತಯಾರಿಸುವ ಬೇರೊಬ್ಬರು ಬೇಕಾಗಿದ್ದರು. ಹಾಗೆ ಮಾಡಿದವರಲ್ಲಿ ಜಾಕ್ ಡೇನಿಯಲ್ಸ್ ಎಂಬಾತ ಮುಖ್ಯನು. ಅವನ ಹೆಸರನ್ನು ಕೇಳಿದವರು ತೀರ ಕಡಿಮೆ.

ಕೆಲವು ವರ್ಷ ಸಣ್ಣಪುಟ್ಟ ಕೆಲಸಗಳಾದ ಮೇಲೆ 1934ರಲ್ಲಿ ಹಂಬರ್ ಕಂಪೆನಿಗೂ, 1936ರಲ್ಲಿ ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿದ್ದ ಮಾರಿಸ್ ಕಂಪೆನಿಗೂ ಸೇರಿದನು. ಎರಡು ಕಡೆಯಲ್ಲಿಯೂ ಆತನಿಗೆ ಒದಗಿದ್ದು ಸಸ್ಪೆನ್ಷನ್ನಿನ ಕೆಲಸ. ಈ ಮಾತಿಗೆ ತೂಗುಹಾಕುವುದು ಎಂದರ್ಥ. ಗಾಲಿಗಳ ಮೇಲೆ ಗಾಡಿಯ ಒಡಲನ್ನು ನೇರವಾಗಿ ಕೂರಿಸದೆ ನಡುವೆ ಒಂದು ಸ್ಪ್ರಿಂಗನ್ನು ಇಡುವ ಏರ್ಪಾಡು ಇದು. ಆ ಕಾಲದ ಬಹುಪಾಲು ಇಂಗ್ಲಿಷ್ ಕಾರುಗಳಲ್ಲಿ ಮುಂದಿನ ಎರಡು ಗಾಲಿಗಳ ನಡುವೆ ಎತ್ತಿನ ಗಾಡಿಯ ಅಚ್ಚಿನಂತೆ ಒಂದು ಕಬ್ಬಿಣದ ತೊಲೆ. ಅದರ ಮೇಲೆ ಕಮಾನುಪಟ್ಟಿಗಳು. ಎಡಗಾಲಿ ಹಳ್ಳಕ್ಕೆ ಬಿದ್ದರೆ ಬಲಗಾಲಿಯೂ ಓರೆಯಾಗುತ್ತಿತ್ತು, ಚುಕ್ಕಾಣಿ ಕೈಯಲ್ಲಿ ನಡುಗುತ್ತಿತ್ತು. ಒಂದೊಂದು ಗಾಲಿಯೂ ತನ್ನಷ್ಟಕ್ಕೆ ಏರಿಳಿಯಬೇಕು ಎಂಬುದು ಹೊಸ ಮತ. ಇಸಿಗೋನಿಸ್ ಆ ಮತದವನು. ಮಾರಿಸ್ 10 ಎಂಬ ಕಾರಿಗಾಗಿ ಆತನು ಅಂಥದೊಂದು ಏರ್ಪಾಡನ್ನು ಸಿದ್ಧಪಡಿಸಿದನು. ಆದರೆ ಅದನ್ನು ಆ ಕಾರಿಗೆ ಹಾಕಲಿಲ್ಲ. ಮಹಾಯುದ್ಧವೆಲ್ಲ ಮುಗಿದು 1947 ಬಂದ ಮೇಲೆ ಬೇರೆ ಒಂದು ಎಂ.ಜಿ. ಕಾರಿನಲ್ಲಿ ಅದು ಬೆಳಕು ಕಂಡಿತು.

ಹಗಲು ಕಂಪೆನಿಯ ಕೆಲಸ, ರಾತ್ರಿ ಮತ್ತು ಭಾನುವಾರ ತನ್ನದೇ ಕೆಲಸ. ಜಾರ್ಜ್ ಡೌಸನ್ ಎಂಬ ಗೆಳೆಯನೊಡನೆ ಸೇರಿ ಆತನು ಪಂದ್ಯಕ್ಕೆಂದು ಒಂದು ಹಗುರವಾದ ಕಾರನ್ನು ಕಟ್ಟಿದನು. ವಿದ್ಯುತ್ತಿನ ಸಲಕರಣೆಗಳಿಲ್ಲದೆ, ಅರ, ಗರಗಸ, ಕೈಬೈರಿಗೆಗಳಿಂದ ವರ್ಷಾನುಗಟ್ಟಲೆ ನಡೆದ ಕೆಲಸವದು. ಪ್ಲೈವುಡ್ಡಿಗೆ ಅಲ್ಯುಮಿನಿಯಂ ತಗಡನ್ನು ಹೊದಿಸಿದ ಒಡಲು. ಗಾಲಿಗಳ ಭಾರವನ್ನು ಹೊರುವುದಕ್ಕೆ ಉಕ್ಕಿನ ಬದಲು ರಬ್ಬರ್. 1938ರ ಹೊತ್ತಿಗೆ ಅದು ಪೂರ್ಣವಾಗಿ, ಗುಡ್ಡವೇರುವ ಪಂದ್ಯಗಳಲ್ಲಿ ಓಡಿತು. ಮುಂದೆ ಇಪ್ಪತ್ತು ವರ್ಷಗಳಾದ ಮೇಲೆ ಲಕ್ಷಾಂತರ ಕಾರುಗಳಲ್ಲಿ ಕಾಣಿಸಿದ ರಬ್ಬರಿನ ಉಪಾಯಕ್ಕೆ ಇದೇ ಬೀಜ.

ಯುದ್ಧ ನಡೆಯುತ್ತಿರುವಾಗಲೇ, 1943ರ ಸುಮಾರಿಗೆ, ಮಾರಿಸ್ ಕಂಪೆನಿಯಲ್ಲಿ ಸಾಮಾನ್ಯರಿಗಾಗಿ ಒಂದು ಸಣ್ಣ ಕಾರಿನ ಯೋಚನೆ ಆರಂಭವಾಯಿತು. ಅದೇ ಮಾರಿಸ್ ಮೈನರ್. ಇದಕ್ಕೆ ಮುಂದಿನ ಗಾಲಿಗಳ ಬಳಿ ಇಸಿಗೋನಿಸ್ ಆರಿಸಿಕೊಂಡದ್ದು ಟಾರ್ಷನ್ ಬಾರ್. ಹೆಸರಿಗೆ ಹೆದರಬೇಕಾದುದಿಲ್ಲ. ಒದ್ದೆ ಬಟ್ಟೆಯ ಒಂದು ತುದಿಯನ್ನು ಗಟ್ಟಿಯಾಗಿ ಹಿಡಿದು ಇನ್ನೊಂದು ತುದಿಯನ್ನು ಹಿಂಡಿದರೆ ಬಟ್ಟೆ ಹೇಗೆ ಮರಳಿ ಬಿಚ್ಚಿಕೊಳ್ಳಲು ತವಕಿಸುತ್ತದೋ ಹಾಗೆಯೇ ಈ ಉಕ್ಕಿನ ಕಂಬಿ. ಕಾರಿನ ಉದ್ದಕ್ಕೆ ಮಲಗಿರುವ ಈ ಕಂಬಿಯ ಹಿಂದಿನ ತುದಿಯನ್ನು ಕಾರಿನ ಅಡಿಯ ಅಡ್ಡತೊಲೆಗೆ ಬಿಗಿದಿರುತ್ತದೆ. ಮುಂದಿನ ತುದಿ ಗಾಲಿಯನ್ನು ಹಿಡಿದ ತೋಳಿಗೆ ಸೇರಿರುತ್ತದೆ. ಗಾಲಿ ಕಲ್ಲನ್ನು ಹತ್ತಿದರೆ ಕಂಬಿ ತಿರುಚಿಕೊಳ್ಳುತ್ತದೆ. ಕಲ್ಲು ದಾಟಿದೊಡನೆ ಬಿಚ್ಚಿಕೊಂಡು ಗಾಲಿಯನ್ನು ಕೆಳಗೆ ತಳ್ಳುತ್ತದೆ. ಫ್ರಾನ್ಸಿನ ಸಿಟ್ರೊಯೆನ್ ಕಾರಿನಲ್ಲಿ ಇದು ಮೊದಲೇ ಇತ್ತು; ಆತನು ಅದನ್ನು ಮೆಚ್ಚಿ ತಂದನು. ಸಾಮಾನ್ಯರ ಅಗ್ಗದ ಕಾರಿಗೆ ಅಷ್ಟು ಒಳ್ಳೆಯ ನಡೆಯನ್ನು ತಂದುಕೊಟ್ಟದ್ದು ಆತನ ಹೆಚ್ಚುಗಾರಿಕೆ.

ಎಲ್ಲವೂ ಸಿದ್ಧವಾದ ಮೇಲೆ ಕಾರು ಕಣ್ಣಿಗೆ ತೀರ ಕಿರಿದಾಗಿ ಕಂಡಿತಂತೆ. ಮಾದರಿ ಕಾರನ್ನು ನಟ್ಟನಡುವೆ ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸಿ ನೋಡಿ, ನಾಲ್ಕು ಅಂಗುಲ ಅಗಲ ಹೆಚ್ಚಿಸಿದನು. ಮೈನರ್ ಕಾರಿನ ಬಾನೆಟ್ಟಿನ ನಡುವೆ ಚಪ್ಪಟೆಯಾಗಿ ಓಡುವ ಪಟ್ಟಿ ಆ ನಾಲ್ಕು ಅಂಗುಲವೇ. ಕಂಪೆನಿಯ ಒಡೆಯ ಲಾರ್ಡ್ ನಫೀಲ್ಡನಿಗೆ ಈ ಕಾರು ಸ್ವಲ್ಪವೂ ಹಿಡಿಸಲಿಲ್ಲ. ನೀರಿನಲ್ಲಿ ಬೇಯಿಸಿದ ಮೊಟ್ಟೆಗೆ ಹೋಲಿಸಿ ಹಾಸ್ಯಮಾಡಿದನು. 1948ರ ಅಕ್ಟೋಬರಿನಲ್ಲಿ ಅದು ಲಂಡನ್ನಿನ ಪ್ರದರ್ಶನಕ್ಕೆ ಬಂದಿತು. ಬ್ರಿಟಿಷ್ ಕಾರುಗಳಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ಮೊದಲು ಮುಟ್ಟಿದ್ದು ಈ ಮೊಟ್ಟೆಯೇ.

ಇನ್ನು ನಮ್ಮ ದೇಶದ ಸಂಬಂಧ. 1942ರಲ್ಲಿ ಬಿರ್ಲಾ ಅವರು ಸ್ಥಾಪಿಸಿದ ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆ ಮಾರಿಸ್ ಕಂಪೆನಿಯ ಕಾರುಗಳನ್ನು ಇಲ್ಲಿಗೆ ತಂದಿತು. ಮಾರಿಸ್ 10 ಇಲ್ಲಿ ಹಿಂದುಸ್ಥಾನ್ 10 ಆಯಿತು. ಮೈನರ್ ಬೇಬಿ ಹಿಂದುಸ್ಥಾನ್ ಆಯಿತು. ಮಾರಿಸ್ ಆಕ್ಸ್‌ಫರ್ಡ್ ಕಾರು ಒಂದು ರೂಪದಲ್ಲಿ ಲ್ಯಾಂಡ್‌ಮಾಸ್ಟರ್ ಆಗಿ, ಅದರ ಮುಂದಿನ ರೂಪದಲ್ಲಿ 1950ರ ದಶಕದ ಕೊನೆಗೆ ಅಂಬಾಸಡರ್ ಆಗಿ ಬಂದಿತು. ಅಂಬಾಸಡರ್ ಪೂರ್ತಿಯಾಗಿ ಇಸಿಗೋನಿಸನದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಮುಂದಿನ ಗಾಲಿಗಳ ಟಾರ್ಷನ್ ಬಾರೂ ಚುಕ್ಕಾಣಿಯ ಹಲ್ಲುಪಟ್ಟಿಯೂ ಮೈನರಿನ ದಾರಿಯಲ್ಲಿಯೇ ಬಂದಂಥವು. ಇಂಗ್ಲೆಂಡಿನಲ್ಲಿ ಮೈನರಿನ ತಯಾರಿಕೆ 1970ರ ದಶಕದ ಆರಂಭದಲ್ಲಿಯೇ ಮುಗಿಯಿತು. ಇಲ್ಲಿ ಅಂಬಾಸಡರ್ 2014ರವರೆಗೆ ತಯಾರಾಯಿತು. ಮಂತ್ರಿಗಳೂ ಜಿಲ್ಲಾಧಿಕಾರಿಗಳೂ ಮದುಮಕ್ಕಳೂ ಬಾಡಿಗೆಗೆ ಎಂಟು ಜನ ತುರುಕಿಕೊಂಡ ಸಂತೆಯವರೂ ಆ ಕಂಬಿಗಳನ್ನು ತಿರುಚುತ್ತ ಓಡಾಡಿದರು.

ಕಳೆದ ದಸರಾ ರಜೆಯಲ್ಲಿ ನಮ್ಮ ಗ್ಯಾರೇಜಿಗೆ ಒಂದು ಮೈನರ್ ಬಂದಿತು. ಊರಿನ ನಿವೃತ್ತ ಡಾಕ್ಟರೊಬ್ಬರದು. ಅವರ ತಂದೆಯವರ ಕಾಲದ ಕಾರು. ಮುಂದಿನ ಭಾಗ ಮಂಡಿಯೂರಿದ ಎತ್ತಿನಂತೆ ಕುಸಿದಿತ್ತು, ಬಲಗಡೆ ಇನ್ನೂ ಎರಡು ಬೆರಳು ಹೆಚ್ಚು. ರಸ್ತೆಯ ಉಬ್ಬು ಬಂದಲ್ಲೆಲ್ಲ ಅಡಿ ತಾಗುತ್ತಿತ್ತು. ನಮ್ಮ ತಂದೆಯವರು ಕೂಡಲೇ ಜಾಕ್ ಎತ್ತಲಿಲ್ಲ. ಸಮನೆಲದ ಮೇಲೆ ನಿಲ್ಲಿಸಿ ನಾಲ್ಕು ಟೈರುಗಳಿಗೂ ಗಾಳಿ ಸರಿಮಾಡಿಸಿದರು. ಹಿಂದಿನ ಕಮಾನುಪಟ್ಟಿಗಳನ್ನು ಮೊದಲು ನೋಡಿದರು, ಹಿಂದೆ ಒಂದು ಮೂಲೆ ಕುಸಿದರೆ ಮುಂದಿನ ಎದುರು ಮೂಲೆಯ ಎತ್ತರವೂ ಸುಳ್ಳು ಹೇಳುತ್ತದೆಂದು. ಬಳಿಕ ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ದಾರ ಹಿಡಿದು, ಎರಡು ಕಡೆಯೂ ಅಳೆದು ಗಂಟು ಹಾಕಿದರು. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಬಂದುಬಿಡುತ್ತದೆ.

ಕಂಬಿಗಳನ್ನು ಬಿಚ್ಚಿ ನೋಡಿದಾಗ ನಿಜ ಸಂಗತಿ ಹೊರಬಿತ್ತು. ಹಿಂದೆ ಯಾವುದೋ ಊರಿನ ಗ್ಯಾರೇಜಿನಲ್ಲಿ ಎಡದ ಕಂಬಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದ್ದರು. ನೋಡುವುದಕ್ಕೆ ಎರಡೂ ಒಂದೇ. ಆದರೆ ವರ್ಷಾನುಗಟ್ಟಲೆ ಒಂದೇ ಕಡೆಗೆ ತಿರುಚಿಸಿಕೊಂಡ ಉಕ್ಕು ಆ ಕಡೆಗೆ ಪಳಗಿಬಿಟ್ಟಿರುತ್ತದೆ. ಅದನ್ನು ಎದುರು ದಿಕ್ಕಿಗೆ ತಿರುಚಿದರೆ ಬೇಗ ಕುಸಿಯುತ್ತದೆ, ಮುರಿದರೂ ಆಶ್ಚರ್ಯವಿಲ್ಲ. ಮೇಲಾಗಿ ಒಂದರ ಮೈಮೇಲೆ ಉಳಿಯ ಗೀರು ಬಿದ್ದಿತ್ತು. ಇಂಥ ಕಂಬಿ ಮುರಿಯುವುದು ಗೀರಿನಿಂದಲೇ. ತಂದೆಯವರು ಆ ಜೋಡಿಯನ್ನು ಬದಿಗಿಟ್ಟು, ಎಂದೋ ಗುಜರಿಗೆ ಹೋದ ಮೈನರಿನಿಂದ ತೆಗೆದು ಎಣ್ಣೆಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟಿದ್ದ ಜೋಡಿಯನ್ನು ಇಳಿಸಿದರು. ಅವುಗಳ ತುದಿಯಲ್ಲಿ ಎಡ ಬಲ ಎಂದು ಬಣ್ಣದ ಗುರುತನ್ನು ತೆಗೆದ ದಿನವೇ ಮಾಡಿದ್ದರು. ಕಂಬಿಯ ತುದಿಯಲ್ಲಿ ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಹಿಡಿಯನ್ನು ಒಂದು ಹಲ್ಲು ಮುಂದೆ ಸರಿಸಿ ಕೂರಿಸಿದರೆ ಕಾರಿನ ಆ ಮೂಲೆ ಮೇಲೇಳುತ್ತದೆ. ಕೂರಿಸಿ, ಇಳಿಸಿ, ನಾಲ್ಕು ಹೆಜ್ಜೆ ಹಿಂದಕ್ಕೂ ಮುಂದಕ್ಕೂ ತಳ್ಳಿ, ಮೂತಿಯನ್ನು ಒತ್ತಿ ಕುಣಿಸಿ, ಮತ್ತೆ ದಾರ ಹಿಡಿಯಬೇಕು. ಮೂರು ಸಲ ಹೀಗಾಯಿತು. ಗಾಲಿಯ ಬುಡದ ಟ್ರನಿಯನ್ನಿಗೆ ಗ್ರೀಸ್ ತುಂಬಿದ ಮೇಲೆಯೇ ಅವರು ಕಾರನ್ನು ಬಿಟ್ಟುಕೊಟ್ಟರು; ಅಲ್ಲಿ ಗ್ರೀಸ್ ಒಣಗಿದರೆ ಓಡುವಾಗಲೇ ಗಾಲಿ ಮಡಿಚಿಕೊಳ್ಳುವುದು ಮೈನರಿನ ಹಳೆಯ ರೋಗ.

ಡಾಕ್ಟರ ಬಳಿ ಆ ಕಾರಿನ ಇಂಗ್ಲಿಷ್ ಕೈಪಿಡಿಯಿತ್ತು. ಸಂಜೆ ನಾನು ಅದನ್ನು ಓದಿ ಕನ್ನಡದಲ್ಲಿ ಹೇಳುತ್ತ ಹೋದೆನು. ತಂದೆಯವರು ಐದನೆಯ ತರಗತಿಗೆ ಶಾಲೆ ಬಿಟ್ಟವರು. ಅವರು ಕೇಳುತ್ತ ಕೇಳುತ್ತ ತಲೆದೂಗಿದರು, ಒಂದೆರಡು ಕಡೆ ಮುಂದಿನ ವಾಕ್ಯವನ್ನು ನಾನು ಓದುವ ಮುಂಚೆಯೇ ಹೇಳಿಬಿಟ್ಟರು. ಹಿಂದೆ ವಾರಕ್ಕೆ ಐದಾರು ಅಂಬಾಸಡರ್ ಬರುತ್ತಿದ್ದ ಗ್ಯಾರೇಜಿಗೆ ಈಗ ತಿಂಗಳಿಗೊಂದು ಬಂದರೆ ಹೆಚ್ಚು. ನಾನು ಸ್ಪಾನರ್ ಹಿಡಿಯಬಾರದೆಂಬುದು ಅವರ ಹಟ. ಅದಕ್ಕಾಗಿಯೇ ನನ್ನನ್ನು ಓದಿಸಿದರು. ಕೈಪಿಡಿ ಯಾರ ಬಳಿಯಲ್ಲಾದರೂ ಸಿಕ್ಕೀತು. ಅಟ್ಟದ ಮೇಲೆ ಎಡ ಬಲ ಗುರುತಿಟ್ಟು ಕಾಯುವ ಬುದ್ಧಿಯನ್ನು ಯಾರು ಯಾರಿಗೆ ಕೊಟ್ಟು ಹೋಗುತ್ತಾರೆಂದು ಆ ರಾತ್ರಿ ನನಗೆ ಚಿಂತೆಯಾಯಿತು. ಈಗಲೂ ಆ ಚಿಂತೆ ಹರಿದಿಲ್ಲ.

ಇಸಿಗೋನಿಸನ ಕಥೆಗೆ ಬರೋಣ. 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಸಂಸ್ಥೆಗಳು ಒಂದಾಗಿ ಬಿ.ಎಂ.ಸಿ. ಆದಾಗ ಆತನು ಹೊರಬಂದು ಆಲ್ವಿಸ್ ಕಂಪೆನಿಗೆ ಹೋದನು. ಅಲ್ಲಿ ಒಂದು ದೊಡ್ಡ ಕಾರನ್ನು ರೂಪಿಸಿದನು. ಹಣ ಸಾಲದೆ ಅದನ್ನು ಕೈಬಿಟ್ಟರು. ಆದರೆ ಆ ಕೆಲಸದಲ್ಲಿ ಅಲೆಕ್ಸ್ ಮೌಲ್ಟನ್ ಎಂಬ ರಬ್ಬರ್ ತಜ್ಞ ಆತನಿಗೆ ಜೊತೆಯಾದನು. 1955ರ ಕೊನೆಗೆ ಲಾಂಗ್‌ಬ್ರಿಡ್ಜ್ ಕಾರ್ಖಾನೆಗೆ ಮರಳಿದನು. 1956ರಲ್ಲಿ ಸೂಯೆಜ್ ಕಾಲುವೆಯ ಜಗಳವಾಗಿ ಇಂಗ್ಲೆಂಡಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಸಂಸ್ಥೆಯ ಮುಖ್ಯಸ್ಥ ಲೆನಾರ್ಡ್ ಲಾರ್ಡ್ 1957ರಲ್ಲಿ, ಉಳಿದುದನ್ನೆಲ್ಲ ಬಿಟ್ಟು ಒಂದು ನಿಜವಾದ ಸಣ್ಣ ಕಾರನ್ನು ಮಾಡೆಂದು ಅಪ್ಪಣೆ ಕೊಟ್ಟನು. ಅದೇ ವರ್ಷ ಮಾದರಿಗಳು ಓಡಿದುವು. 1959ನೆಯ ಆಗಸ್ಟ್ 26ರಂದು ಮಿನಿ ಮಾರುಕಟ್ಟೆಗೆ ಬಂದಿತು.

ಹತ್ತು ಅಡಿ ಉದ್ದದ ಕಾರಿನಲ್ಲಿ ನಾಲ್ಕು ಜನ ಕೂಡಬೇಕು, ಸಾಮಾನೂ ಇರಬೇಕು. ಆತನು ಎಂಜಿನನ್ನು ಅಡ್ಡಲಾಗಿ ತಿರುಗಿಸಿ, ಗೇರ್ ಪೆಟ್ಟಿಗೆಯನ್ನು ಅದರ ಕೆಳಗೆ ಎಣ್ಣೆಯ ತೊಟ್ಟಿಯಲ್ಲಿಯೇ ಇರಿಸಿ, ಮುಂದಿನ ಗಾಲಿಗಳಿಂದಲೇ ಗಾಡಿಯನ್ನು ಎಳೆಸಿದನು. ಗಾಲಿಗಳು ಬರಿಯ ಹತ್ತು ಅಂಗುಲದವು. ಅಷ್ಟು ಸಣ್ಣ ಗಾಲಿಯ ಬಳಿ ಸ್ಪ್ರಿಂಗಿಗೆ ಜಾಗವೆಲ್ಲಿ? ಮೌಲ್ಟನ್ ರೂಪಿಸಿದ ಸಣ್ಣ ರಬ್ಬರ್ ಶಂಕುಗಳು ಆ ಜಾಗದಲ್ಲಿ ಕುಳಿತುವು. ಖಾಲಿ ಕಾರಿನಲ್ಲಿ ಮೆತ್ತಗಿದ್ದು, ಹೊರೆ ಹೆಚ್ಚಿದಂತೆ ಗಟ್ಟಿಯಾಗುವುದು ಅವುಗಳ ಗುಣ. ಹಗುರವಾದ ಕಾರಿಗೆ ಇದು ಬಹು ಮುಖ್ಯ. ನಾಲ್ಕು ಜನ ಹತ್ತಿದರೆ ಅದರ ಭಾರವೇ ಬದಲಾಗಿಬಿಡುತ್ತದೆ. ಕಾಲ ಕಳೆದಂತೆ ರಬ್ಬರ್ ಗಡಸಾಗಿ ಕುಗ್ಗುತ್ತದೆ, ಕಾರು ನೆಲಕ್ಕಿಳಿಯುತ್ತದೆ. ಕೆಲವರು ವಾಷರ್ ಇಟ್ಟು ಎತ್ತರ ತಂದುಕೊಳ್ಳುತ್ತಾರೆ. ಎತ್ತರ ಬರುತ್ತದೆ, ಮೆತ್ತನೆಯ ನಡೆ ಬಾರದು. ಹೊಸ ಶಂಕುಗಳನ್ನೇ ಹಾಕಬೇಕು.

1962ರ ಮಾರಿಸ್ 1100 ಕಾರಿನಲ್ಲಿ ಈ ಜೋಡಿ ಇನ್ನೊಂದು ಹೆಜ್ಜೆ ಹೋಯಿತು. ಮುಂದಿನ ಗಾಲಿಯ ರಬ್ಬರಿಗೂ ಅದೇ ಬದಿಯ ಹಿಂದಿನ ಗಾಲಿಯ ರಬ್ಬರಿಗೂ ದ್ರವ ತುಂಬಿದ ಕೊಳವೆಯಿಂದ ನಂಟು. ಮುಂದಿನ ಗಾಲಿ ಉಬ್ಬನ್ನು ಹತ್ತಿದರೆ ದ್ರವ ಹಿಂದಕ್ಕೆ ನುಗ್ಗಿ ಹಿಂಭಾಗವನ್ನೂ ಎತ್ತುತ್ತದೆ, ಕಾರು ತಲೆಯಾಡಿಸದೆ ಸಮವಾಗಿ ಸಾಗುತ್ತದೆ. ಈ ಕಾರಿನ ಎತ್ತರ ನಿಂತಿರುವುದು ದ್ರವದ ಒತ್ತಡದ ಮೇಲೆ. ಸೋರಿದರೆ ಒಂದು ಬದಿ ಪೂರ್ತಿ ಕುಸಿಯುತ್ತದೆ, ಪಂಪಿನಿಂದ ತುಂಬಿದರೆ ಏಳುತ್ತದೆ. ಮಿನಿಗೂ 1964ರಲ್ಲಿ ಇದನ್ನೇ ಅಳವಡಿಸಿದರು. ಖರ್ಚು ಹೆಚ್ಚೆಂದು 1969ರಲ್ಲಿ ಮತ್ತೆ ರಬ್ಬರ್ ಶಂಕುಗಳಿಗೆ ಮರಳಿದರು.

ಆತನನ್ನು ಹೊಗಳುವುದೇ ನನ್ನ ಉದ್ದೇಶವಲ್ಲ. ಇತರರ ಮಾತನ್ನು ಕೇಳುವ ಗುಣ ಆತನಲ್ಲಿ ಕಡಿಮೆ. ಮೊದಲ ಮಿನಿಗಳಲ್ಲಿ ಮಳೆನೀರು ಕಾಲಡಿಗೆ ನುಗ್ಗುತ್ತಿತ್ತು. ಫೋರ್ಡ್ ಕಂಪೆನಿಯವರು ಒಂದು ಮಿನಿಯನ್ನು ಕೊಂಡು, ತುಂಡು ತುಂಡಾಗಿ ಬಿಚ್ಚಿ ಲೆಕ್ಕ ಹಾಕಿ, ಮಾರಿದ ಪ್ರತಿ ಕಾರಿಗೂ ನಷ್ಟವಾಗುತ್ತಿರಬೇಕೆಂದು ತೀರ್ಮಾನಿಸಿದರು. ಕೊಳ್ಳುವವರ ಇಷ್ಟಾನಿಷ್ಟ, ತಯಾರಿಕೆಯ ವೆಚ್ಚ ಇವೆರಡೂ ಆತನಿಗೆ ಬೇಸರದ ವಿಷಯಗಳು. ಮಿನಿ ಗೆದ್ದಿತೆಂಬ ಧೈರ್ಯದಲ್ಲಿ ಅದೇ ಜಾಡಿನಲ್ಲಿ ಮಾಡಿದ 1964ರ ಆಸ್ಟಿನ್ 1800, 1969ರ ಮ್ಯಾಕ್ಸಿ ಎಣಿಸಿದಷ್ಟು ನಡೆಯಲಿಲ್ಲ. ಗ್ರೀಕ್ ದೇವತೆಯೆಂದು ಹಿಂದೆ ಮುಂದೆ ಗೇಲಿಮಾಡುತ್ತಿದ್ದ ಸಹಾಯಕರೇ ಆತನ ಗೀಚುಗಳನ್ನು ಗಾಡಿಗಳನ್ನಾಗಿ ಮಾಡಿದರು. ಮೌಲ್ಟನ್‌ನ ಹೆಸರಾದರೂ ಉಳಿಯಿತು. ಅಳತೆ ಹಿಡಿದವರ, ಬೆಸುಗೆ ಹಾಕಿದವರ, ರಾತ್ರಿಯಿಡೀ ಮಾದರಿ ಓಡಿಸಿದವರ ಹೆಸರುಗಳು ಯಾವ ಫಲಕದ ಮೇಲೆಯೂ ಇಲ್ಲ.

ಗೌರವಗಳು ಬಂದುವು. 1967ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1969ರಲ್ಲಿ ಸರ್ ಪದವಿ. ಗಣಿತದಲ್ಲಿ ಮೂರು ಸಲ ತಪ್ಪಿದವನಿಗೆ ರಾಯಲ್ ಸೊಸೈಟಿ! ಆದರೆ ಅದೇ ಹೊತ್ತಿಗೆ ಅಧಿಕಾರ ಕೈಜಾರಿತು. 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ಎಂಬ ದೊಡ್ಡ ಸಂಸ್ಥೆಯಾದ ಮೇಲೆ ಹೊಸ ಯಜಮಾನರು ಆತನನ್ನು ಬದಿಗೆ ಸರಿಸಿದರು. 1971ರಲ್ಲಿ ನಿವೃತ್ತನಾದನು. ಮರುವರ್ಷ ತಾಯಿ ತೀರಿಕೊಂಡಳು. ಸಲಹೆಗಾರನೆಂಬ ಹೆಸರಿನಲ್ಲಿ ಆಮೇಲೆಯೂ ಬಹಳ ಕಾಲ ಪ್ರಯೋಗಗಳನ್ನು ನಡೆಸಿದನು. ಗೇರ್ ಇಲ್ಲದ ಮಿನಿಯೊಂದನ್ನು ಮಾಡಿ ಓಡಿಸಿದನು, ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. 1988ನೆಯ ಅಕ್ಟೋಬರ್ 2ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಆತನು ಕಾಲವಾದನು.

ಅಷ್ಟರಲ್ಲಿ ಮಿನಿಗೆ ಬದಲು ಕಾರನ್ನು ತರಲು ಸಂಸ್ಥೆ ಹಲವು ಬಾರಿ ಯತ್ನಿಸಿತ್ತು, ಆದರೂ ಹಳೆಯ ಮಿನಿಯೇ ಉಳಿದಿತ್ತು. 53 ಲಕ್ಷಕ್ಕೂ ಮಿಕ್ಕಿ ತಯಾರಾದ ಆ ಕಾರುಗಳಲ್ಲಿ ಕೊನೆಯದು 2000ನೆಯ ಇಸವಿಯ ಅಕ್ಟೋಬರಿನಲ್ಲಿ ಲಾಂಗ್‌ಬ್ರಿಡ್ಜಿನಿಂದ ಹೊರಬಂದಿತು. ಅದರ ಗಾಲಿಗಳ ಮೇಲೆಯೂ ರಬ್ಬರ್ ಶಂಕುಗಳೇ ಇದ್ದುವು.